ಮೂವತ್ಮೂರನೇ ಪಿನ್ನು

ಮೊದಲು ಹನ್ನೆರಡು ವರ್ಷ ಗಂಗಾವತಿ ಮಿಲ್ಲಿನಾಗ ಹಮಾಲಿ.
ಎಪ್ಪತ್ತೈದು ಕಿಲೋದ ಭತ್ತದ ಚೀಲ
ಬೆನ್ನಿಗೆ ಬಿದ್ದರ ಸಾಕು, ತಕ್ಕಡಿ ಬ್ಯಾಡ,
ಅರ್ಧ ಕಿಲೋ ಕಮ್ಮಿ ಇದ್ದರೂ ಹೇಳತಿದ್ದೆ.
ಬೆನ್ನು ಹೋತು. ತೂಕದ ಲೆಕ್ಕ ಉಳೀತು.

ಈಗ ಅದೇ ಊರಾಗ, ಕಾಲೇಜ್ ಮೈದಾನದ ಎಗ್ಜಿಬಿಷನ್ನಿನಾಗ
ಜಾಯಿಂಟ್ ವೀಲಿನ ಹಿಡಿಕಿ ಹಿಡದು ನಿಂತೀನಿ.
ಮಾಲಕ ಶೇಕ್ಷಾವಲಿ ನನ್ನ ಇಟಗೊಂಡದ್ದ ಇದಕ್ಕ:
ಸಾಲಿನಾಗ ನಿಂತವರ ತೂಕ ಕಣ್ಣಿಗೇ ತಿಳಿತೈತಿ.
ಕಾರಟಗಿ ಬಳಿ ಅಂಗಡಿಯಾಕಿ, ಎರಡು ಮಕ್ಕಳು: ನೂರಾ ಹತ್ತು.
ಎದುರಿನ ತೊಟ್ಟಿಲಿಗೆ ಆ ಇಬ್ಬರು ಡಿಪ್ಲೊಮಾ ಹುಡುಗರು, ಸರಿಹೋತು.
ಹೊಸದಾಗಿ ಮದುವಿ ಆದವರು ಇದರಾಗ ಕುಂದರತೀವಿ ಅಂತಾರ.
ಬ್ಯಾಡ್ರಿ, ಎಂಟನೇದಕ್ಕ ಹೋಗ್ರಿ, ಅಂತೀನಿ.
ಯಾಕಂತ ಕೇಳತಾರ.
ಹೇಳಾಂಗಿಲ್ಲ.
ಒಂದು ಕಡೆ ಭಾರಾತು ಅಂದ್ರ
ಚಕ್ರ ಮ್ಯಾಲ ಹೋಗುವಾಗ ಏದುಸಿರು ಬಿಡತೈತಿ,
ಇಳಿವಾಗ ಬಿದ್ದಂಗ ಬರತೈತಿ,
ಬೆಲ್ಟು ಸುಟ್ಟ ವಾಸನಿ ಮೊದಲು ನನ್ನ ಮೂಗಿಗೇ.

ಈ ನೆಲ ಎರಿ. ಹಗಲೆಲ್ಲ ಕಬ್ಬಿಣದಂಗ,
ಟ್ಯಾಂಕರಿನಿಂದ ಒಂದು ಕೊಡ ನೀರು ಹರದರ ಬೆಣ್ಣಿ.
ದಿನಾ ಸಂಜಿ ನಾಕಕ್ಕ ಪೈಪಿನಾಗ ನೀರು ತುಂಬಿ ಮಟ್ಟ ಹಿಡಿತೀವಿ,
ಗಾದಿಲಿಂಗ ಆ ತುದಿ, ನಾ ಈ ತುದಿ,
ಎರಡು ಬಟ್ಟು ಇಳದಿದ್ದರ ದಿಮ್ಮಿ ಕೆಳಗ ಹಲಗಿ ತುರುಕತೀವಿ.
ಜೆಸ್ಕಾಂನವರು ವೈರು ನೋಡಿ ಸೈ ಮಾಡಿ ಹೋಗ್ಯಾರ.
ಪೊಲೀಸರ ಮನಿಮಂದಿ ಪಾಸಿನ ಮ್ಯಾಲ ಎರಡೆರಡು ಸಲ ತಿರಗ್ಯಾರ.
ಹಲಗಿ ಯಾರೂ ನೋಡಿಲ್ಲ.

ವಾಂತಿಗೆ ಒಂದು ಬಕೀಟು ಮರಳು.
ಮ್ಯಾಲಿಂದ ಬಿದ್ದದ್ದಕ್ಕೊಂದು ಡಬ್ಬಿ:
ಕಾಲುಂಗರ, ಯಾರದೋ ಮನಿ ಕೀಲಿ,
ಒಂದು ಹಲ್ಲಿನ ಸೆಟ್ಟು. ಕೇಳಾಕ ಯಾರೂ ಬಂದಿಲ್ಲ.

ಮೊನ್ನಿ ಐತವಾರ, ರಾತ್ರಿ ಒಂಬತ್ತೂವರಿ,
ಹದಿನಾರು ತೊಟ್ಟಿಲೂ ತುಂಬಿ ತಿರಗಾಕತ್ತಿದ್ದವು.
ಬೀಡಿಗಂತ ಅಂಗಿ ಕಿಸೆಕ್ಕ ಕೈ ಹಾಕಿದೆ,
ಬೀಡಿ ಸಂಗಾಟ ಬಂತು ಒಂದು ಪಿನ್ನು.

ಕಿರುಬೆರಳಿನಷ್ಟು ಉದ್ದ, ಒಂದು ಕಡೆ ಕಿವಿ ಹಂಗ ಬಾಗಿದ ತಂತಿ.
ತೊಟ್ಟಿಲಿಗೆ ಎಡಕ್ಕೊಂದು ಬಲಕ್ಕೊಂದು,
ಇಲ್ಲಂದ್ರ ಸರಳು ಸರೀತೈತಿ.
ಮಧ್ಯಾಹ್ನ ಹನ್ನೊಂದನೇದಕ್ಕ ಗ್ರೀಸ್ ಹಚ್ಚಾಕ ಬಿಚ್ಚಿದ್ದೆ.
ವಾಪಸ್ ಹಾಕಿದ್ದೆ.
ಹಾಕಿದ್ದೆನಾ?

ಗಕ್ಕನ ನಿಲ್ಲಿಸಾಂಗಿಲ್ಲ, ತೊಟ್ಟಿಲು ಜೋಲಿ ಹೊಡೀತೈತಿ.
ಒದರಾಂಗಿಲ್ಲ, ಒದರಿದರ ಎದ್ದು ನಿಲ್ಲತಾರ.
ಇಂಥಾ ಹೊತ್ತಿನಾಗ ನಗಬೇಕು.
ನಕ್ಕೆ. ಡೀಸಲ್ ಮುಗೀತ್ರೀ, ಅಂದೆ.
ಚಕ್ರಕ್ಕೂ ಗೊತ್ತಾಗದಂಗ ವೇಗ ಇಳಿಸಿದೆ.
ಹನ್ನೊಂದನೇದು ಆಗ ತುತ್ತತುದಿಗಿತ್ತು.
ಅದರಾಗ ಹುಲಿಗೆಮ್ಮ, ಮಿಲ್ಲಿನಾಗ ಕಸ ಹೊಡಿಯಾಕಿ,
ತೊಡಿ ಮ್ಯಾಲ ಮೊಮ್ಮಗಳು.
ಐವತ್ತೆರಡು, ಹದಿನಾಕು.
ಒಂದು ಚೀಲಕ್ಕೂ ಕಮ್ಮಿ.
ಅಷ್ಟು ಹಗೂರದ್ದು ಯಾವತ್ತೂ ನನ್ನ ಬೆನ್ನಿಗೆ
ಅಷ್ಟು ಭಾರಾಗಿರಲಿಲ್ಲ.

ಮೊದಲು ಹನ್ನೊಂದು, ಆಮ್ಯಾಲ ಅದರ ಎದುರಿನ ಮೂರು,
ಹಂಗ ಎದುರುಬದುರು ಎಲ್ಲಾರನ್ನೂ ಇಳಿಸಿದೆ.
ಇಳದಾಕಿ ಹೋಗಲಿಲ್ಲ, ಜಗಳಕ್ಕ ನಿಂತಳು:
ನಾಕ ಸುತ್ತಿಗೆ ಐವತ್ತು ರೂಪಾಯಿನಾ?
ಹುಡುಗಿ ಮ್ಯಾಲಿಂದ ಇನ್ನೂ ಮಿಲ್ಲು ಹುಡುಕಾಕತ್ತಿತ್ತು.
ಪಿನ್ನಿದ್ದ ಕಿಸೆದಿಂದಲೇ ನೂರು ತಗದು ಕೊಟ್ಟೆ.
ಬಲ್ಲೆ ಬಾ ದೊಡ್ಡ ಸಾಹುಕಾರನ್ನ, ಅಂತ ಅಂದು ಹೋದಳು.

ಮಂದಿ ಖಾಲಿಯಾದ ಮ್ಯಾಲ
ಮೊಬೈಲ್ ಬೆಳಕಿನಾಗ ಹತ್ತಿ ನೋಡಿದೆ.
ಹನ್ನೊಂದರಾಗ ಎರಡೂ ಇದ್ದವು.
ಒಂದರಿಂದ ಎಣಿಸಿದೆ, ಮೂವತ್ತೆರಡು.
ಗಾದಿಲಿಂಗನ್ನ ಎಬ್ಬಿಸಿ ಅವನ ಕೈಲೆ ಎಣಿಸಿದೆ,
ನಿದ್ದಿಗಣ್ಣಾಗ ಬೈಕೋತ ಎಣಿಸಿದ, ಮೂವತ್ತೆರಡು.

ಹಂಗಾರ ಇದು ಯಾವುದರದ್ದು?
ಸಿಂಧನೂರಿಂದ ಬಂದದ್ದಾ?
ಈ ಅಂಗಿ ಆಮ್ಯಾಲ ಎರಡು ಸಲ ತೊಳದೀನಿ.
ಡಬ್ಬಿಗೆ ಹಾಕಿಲ್ಲ, ಕಿಸೆದಾಗೇ ಐತಿ,
ಬಗ್ಗಿದಾಗೊಮ್ಮೆ ಎದಿಗೆ ಚುಚ್ಚತೈತಿ.

ಮರುದಿನ ಹುಲಿಗೆಮ್ಮ ಮತ್ತ ಬಂದಳು ನೂರು ಹಿಡಕೊಂಡು,
ಅದೇ ತೊಟ್ಟಿಲು ಬೇಕಂತ.
ಹನ್ನೊಂದು ಬ್ಯಾಡವ್ವ, ನಾಕಕ್ಕ ಕುಂದರು, ಅಂದೆ.
ಯಾಕಂತ ಕೇಳಿದಳು.